ಸನ್ಮಾನ ಪತ್ರದಿಂದ ತೆಗೆದ ಹಾಳೆ

ಕಳೆದ ವಾರ ದುಬೈಯ ಸತ್ವಾದ ಒಂದು ದರ್ಜಿ ಅಂಗಡಿಯಲ್ಲಿ ನನ್ನ ಮೂರು ಪ್ಯಾಂಟುಗಳ ಸೊಂಟ ಬಿಚ್ಚಿಸಲು ಕೂತಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಬೆಳೆಯುತ್ತಿರುವುದು ಅದೊಂದೇ ಕಡೆಯಲ್ಲಿ. ದರ್ಜಿ ಹೊಲಿಗೆ ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಉದ್ದ ಮೂತಿಯ ಡಬ್ಬಿಯಿಂದ ಸಂದುಸಂದಿಗೂ ಎಣ್ಣೆ ಬಿಟ್ಟ. ಚಕ್ರ ತಿರುಗಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಫುಟ್‌ಪಾತಿಗೆ ಬಂದುಬಿಟ್ಟೆ. "ಕ್ಯಾ ಹುವಾ ಸಾಬ್, ತಬಿಯತ್ ಠೀಕ್ ಹೈ?" ಎಂದು ದರ್ಜಿ ಒಳಗಿಂದಲೇ ಕೂಗಿದ. ಬಿ.ಪಿ. ಎಂದೆ. ನನ್ನ ಹೇಡಿತನಕ್ಕೆ ನಾನು ಊರಲ್ಲೆಲ್ಲ ಹೇಳಿಕೊಂಡು ಬಂದಿರುವ ಹೆಸರು ಅದು.

ಇದೇ ಅಂಗಡಿಗೆ ಹಿಂದೊಮ್ಮೆ ಐತಪ್ಪಜ್ಜನನ್ನು ಕರೆತಂದಿದ್ದೆ. ಸನ್ಮಾನದ ದಿನಕ್ಕೆಂದು ಅವರ ಕೋಟಿನ ತೋಳು ಗಿಡ್ಡ ಮಾಡಿಸಬೇಕಿತ್ತು. ಮನುಷ್ಯ ಕುಗ್ಗಿದ್ದರು, ಕೋಟು ಕುಗ್ಗಿರಲಿಲ್ಲ. ಅಂದೂ ಹೀಗೇ ಎಣ್ಣೆ ಬಿಟ್ಟಾಗ ಅಜ್ಜ ಕಣ್ಣು ಮುಚ್ಚಿಕೊಂಡು, "ಇದು ನನ್ನ ಕೋವಿಯ ವಾಸನೆ ಮಾರಾಯ. ಎಪ್ಪತ್ತು ವರ್ಷ ಆಯ್ತು, ಉಗುರಿನ ಸಂದಿಯಿಂದ ಹೋಗ್ಲೇ ಇಲ್ಲ" ಎಂದಿದ್ದರು.

ಐತಪ್ಪಜ್ಜ ಎಂದರೆ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯಲ್ಲಿ ಮೆಷಿನ್ ಗನ್ ಹಿಡಿದು ಕೂತಿದ್ದ ಏರ್ ಗನ್ನರ್. ಉಡುಪಿ ಕಡೆಯವರು. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ, ತೊಂಬತ್ನಾಲ್ಕರ ವಯಸ್ಸಿನಲ್ಲಿ, ಮೂರು ತಿಂಗಳ ವಿಸಿಟ್ ವೀಸಾದ ಮೇಲೆ ದುಬೈಗೆ ಬಂದಿದ್ದರು. ಕರೆಸಿಕೊಂಡವರು ಅವರ ಮೊಮ್ಮಗ ದಿವಾಕರಣ್ಣ. ಈ ದಿವಾಕರಣ್ಣ ನನಗಿಂತ ಎಂಟು ವರ್ಷ ಚಿಕ್ಕವರು; ಆದರೆ ಗಲ್ಫಿನಲ್ಲಿ ಸಂಬಳ ಕೊಡುವವರೆಲ್ಲ ಅಣ್ಣಂದಿರೇ. ಸ್ನಾನದಮನೆಯ ನಲ್ಲಿ, ಷವರು, ಕಮೋಡು ಮಾರುವ ಅವರ ಕಂಪನಿಯಲ್ಲಿ ನಾನು ಅಡ್ಮಿನ್ ಆಗಿದ್ದೆ. ಜುಮೇರಾ ಲೇಕ್ ಟವರ್ಸಿನ ಒಂದು ಕಟ್ಟಡದಲ್ಲಿ ಕಂಪನಿ, ಪಕ್ಕದ ಕಟ್ಟಡದ ಮೂವತ್ತೆರಡನೆಯ ಮಹಡಿಯಲ್ಲಿ ಅವರ ಮನೆ.

ದಿವಾಕರಣ್ಣ ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಆಗಿದ್ದರು. ನಾನು ಸಂಘದ ಸನ್ಮಾನ ಪತ್ರಗಳ ಆಸ್ಥಾನ ಕವಿ. ಪ್ರತಿ ಕಾರ್ಯಕ್ರಮಕ್ಕೂ ಒಬ್ಬರಿಗಾದರೂ ಶಾಲು ಹೊದಿಸದೆ ನಮ್ಮವರಿಗೆ ಊಟ ಸೇರುವುದಿಲ್ಲ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಂಧದ ಹಾರ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ನನ್ನ ಪತ್ರ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾದ' ಎಂದು ಶುರುವಾಗಿ 'ಭಗವಂತನು ಆಯುರಾರೋಗ್ಯ ಭಾಗ್ಯಗಳನ್ನಿತ್ತು ಕಾಪಾಡಲಿ' ಎಂದು ಮುಗಿಯುವ ಆ ಪತ್ರದಲ್ಲಿ ಹೆಸರು, ಊರು, ಉದ್ಯೋಗ ಬದಲಿಸಿದರೆ ಆಯಿತು. ಒಮ್ಮೆ ಉದ್ಯೋಗ ಬದಲಿಸಲು ಮರೆತು ಒಬ್ಬ ದಂತವೈದ್ಯರನ್ನು ಯಕ್ಷಗಾನದ ಸ್ತ್ರೀವೇಷಕ್ಕಾಗಿ ಸನ್ಮಾನಿಸಿದ್ದೆವು. ಅವರು ಅದನ್ನು ಕ್ಲಿನಿಕ್ಕಿನಲ್ಲಿ ತೂಗುಹಾಕಿದ್ದಾರೆ. ಇಷ್ಟು ವರ್ಷವಾದರೂ ಯಾರೂ ಓದಿಲ್ಲ.

"ನಮ್ಮ ಅಜ್ಜನದ್ದು ಹಾಗಲ್ಲ ಸರ್, ಫಸ್ಟ್ ಕ್ಲಾಸ್ ಆಗ್ಬೇಕು," ಎಂದರು ದಿವಾಕರಣ್ಣ. "ವಾರ್ ಹೀರೋ ಅಲ್ವಾ? ನೀವು ದಿನಾ ಮಧ್ಯಾಹ್ನ ಎರಡು ಗಂಟೆ ಮನೆಗೆ ಹೋಗಿ ಕೂತ್ಕೊಳ್ಳಿ. ಮ್ಯಾಟರ್ ತೆಗೀರಿ. ಅವರಿಗೂ ಟೈಮ್‌ಪಾಸ್."

ಹಾಗೆ ನಾನು ಆ ಚಳಿಗಾಲವಿಡೀ ಮಧ್ಯಾಹ್ನಗಳನ್ನು ಒಬ್ಬ ಗನ್ನರನ ಜೊತೆ ಕಳೆದೆ. ವಿಮಾನ ಹತ್ತುವಾಗ ಸೀಟ್ ಬೆಲ್ಟ್ ಹಾಕಿಕೊಳ್ಳುವ ವಿಧಾನವನ್ನು ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಳ್ಳುವ, ಪಾಸ್‌ಪೋರ್ಟಿನ ಪ್ರತಿಯನ್ನು ಮೂರು ಕಡೆ ಇಟ್ಟು ನಾಲ್ಕನೆಯ ಕಡೆ ಇಡಲಿಲ್ಲವೆಂದು ಕೊರಗುವ ಮನುಷ್ಯನನ್ನು ಈ ಕೆಲಸಕ್ಕೆ ಆರಿಸಿದ್ದು ದೇವರ ತಮಾಷೆಯೇ ಇರಬೇಕು. ಅಜ್ಜ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಲ್ಲಿಯವ?" ಎಂದರು.

"ಮೈಸೂರು."

"ಹಾಂ, ಮೈಸೂರು. ಕೂತ್ಕೋ." ಅಂದಿನಿಂದ ನನ್ನ ಹೆಸರು ಅದೇ ಆಯಿತು. ಪಟಾಲಮಿನಲ್ಲಿ ಹಾಗೇ ಕರೆಯುವುದಂತೆ. ಹೆಸರು ನೆನಪಿಟ್ಟುಕೊಂಡರೆ ಆಮೇಲೆ ಕಷ್ಟ ಎಂದರು. ಯಾಕೆಂದು ನಾನು ಕೇಳಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಎಲ್ಲಿ ಕೂತರೂ ಹಿಂದಕ್ಕೆ ಮುಖ ಮಾಡಿ ಕೂರುವುದು. ಕೆರೆ, ಗೋಪುರ, ದೂರದ ಸಮುದ್ರ ಎಲ್ಲ ಕಾಣುವ ಆ ಮನೆಯ ದೊಡ್ಡ ಕಿಟಕಿಗೆ ಬೆನ್ನು ಕೊಟ್ಟು ಗೋಡೆ ನೋಡುತ್ತಿದ್ದರು. "ಅಜ್ಜ, ಯು ಆರ್ ಮಿಸ್ಸಿಂಗ್ ದ ವ್ಯೂ" ಎಂದು ಮರಿಮಗಳು ಹೇಳಿ ಹೇಳಿ ಸೋತಿದ್ದಳು. ಲಿಫ್ಟಿನಲ್ಲಿ ಇಳಿಯುವಾಗ ಹಿಂಗೋಡೆಗೆ ತಿರುಗಿ ನಿಂತು, ಇಪ್ಪತ್ತೆಂಟು, ಇಪ್ಪತ್ತು, ಹನ್ನೆರಡು ಎಂದು ಮಹಡಿಗಳನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಜೊತೆಗಿದ್ದ ಫಿಲಿಪಿನೊ ಹುಡುಗಿಯರು ಮೊಬೈಲಿನಿಂದ ತಲೆಯೆತ್ತಿ ನಗುತ್ತಿದ್ದರು. ಒಂದು ಶನಿವಾರ ಸನ್ಮಾನದ ಹಾರಕ್ಕೆ ಹೇಳಿಬರಲು ಬರ್ ದುಬೈಗೆ ಹೋದಾಗ, ಜನರನ್ನು ಆಚೆ ದಡಕ್ಕೆ ದಾಟಿಸುವ ಅಬ್ರಾ ಹತ್ತಿಸಿದೆ. ದೋಣಿಯಲ್ಲಿದ್ದವರೆಲ್ಲ ಎದುರಿನ ದೇರಾ ದಡ ನೋಡುತ್ತಿದ್ದರೆ ಇವರು ಬಿಟ್ಟುಬಂದ ದಡವನ್ನೇ ನೋಡುತ್ತಿದ್ದರು.

"ಅಜ್ಜ, ಮುಂದೆ ನೋಡಿ, ಆ ಕಡೆ ಚೆನ್ನಾಗಿದೆ."

"ಮುಂದೆ ನೋಡ್ಲಿಕ್ಕೆ ಅವ ಇದ್ದಾನಲ್ಲ, ದೋಣಿಯವ. ಅದಕ್ಕೆ ಅವನಿಗೆ ಸಂಬಳ. ಹಿಂದೆ ನೋಡ್ಲಿಕ್ಕೆ ಯಾರಾದ್ರೂ ಬೇಕಲ್ಲ ಮೈಸೂರು?"

ಅವರ ಕೆಲಸ ಅದೇ ಆಗಿತ್ತು. ಬರ್ಮಾ ಗಡಿಯಲ್ಲಿ ಇಬ್ಬರೇ ಕೂರುವ ಡೈವ್ ಬಾಂಬರ್ ವಿಮಾನ. ಮುಂದೆ ಪೈಲಟ್, ಅವನ ಬೆನ್ನಿಗೆ ಬೆನ್ನು ಮಾಡಿ ಗನ್ನರ್. ಅಜ್ಜನ ಪೈಲಟ್ ಬಲದೇವ ಎಂಬ ಪಂಜಾಬಿ ಹುಡುಗ, ಇಪ್ಪತ್ತೊಂದು ವರ್ಷ. ಇವರಿಗೆ ಹತ್ತೊಂಬತ್ತು. ಗಾಳಿಯಲ್ಲಿದ್ದಾಗ ಇಬ್ಬರೂ ಮುಖ ನೋಡುವಂತಿಲ್ಲ, ಕಿವಿಯ ಸಾಧನದಲ್ಲಿ ದನಿ ಮಾತ್ರ. "ಅವನ ಮುಖ ಈಗ ಮರ್ತುಹೋಗಿದೆ. ದನಿ ಉಂಟು," ಎನ್ನುತ್ತಿದ್ದರು. ಹನ್ನೆರಡು ಸಾವಿರ ಅಡಿಯಿಂದ ವಿಮಾನ ಮೂಗು ಕೆಳಗೆ ಮಾಡಿ ಕಲ್ಲಿನ ಹಾಗೆ ಬೀಳುವುದು. ಗನ್ನರ್ ಬೆನ್ನ ಮೇಲೆ ಬೀಳುತ್ತ ಆಕಾಶ ನೋಡುತ್ತಾನೆ; ನೋಡುತ್ತ ಎತ್ತರದ ಅಂಕಿಗಳನ್ನು ಕೂಗಿ ಹೇಳಬೇಕು, ಪೈಲಟನಿಗೆ ಅಂಕಿ ನೋಡಲು ಪುರುಸೊತ್ತಿಲ್ಲ. ಕೂಗುವುದು ತಡವಾದರೆ ಇಬ್ಬರೂ ನೆಲದಲ್ಲಿ.

ಅದು ಬಿಟ್ಟರೆ ಉಳಿದದ್ದೆಲ್ಲ ನನ್ನ ಅಡ್ಮಿನ್ ಕೆಲಸದಷ್ಟೇ ನೀರಸ. ಗುಂಡಿನ ಪಟ್ಟಿಯನ್ನು ಕೈಯಾರೆ ಮಡಚಿಡುವುದು, ಸಂಜೆ ಕೋವಿಗೆ ಎಣ್ಣೆ ಹಾಕಿ ಚಿಂದಿಯಲ್ಲಿ ಒರೆಸುವುದು, ಬಿದಿರಿನ ಗುಡಿಸಲಿನಲ್ಲಿ ಸೊಳ್ಳೆ ಹೊಡೆಯುವುದು, ಮಲೇರಿಯಾದ ಮಾತ್ರೆ ನುಂಗಿ ಅರಿಶಿನ ಬಳಿದವರ ಹಾಗೆ ಹಳದಿಯಾಗುವುದು. ವಾಂತಿ ಬಂದರೆ ಟೋಪಿಯೊಳಗೆ. "ಒಂದು ಒಣ ಸಿಗಡಿ ಸಿಕ್ಕಿದ್ರೆ ಸಾಕಿತ್ತು, ಯುದ್ಧ ಅಲ್ಲಿಗೇ ನಿಲ್ಲಿಸ್ತಿದ್ದೆ," ಎಂದು ನಗುತ್ತಿದ್ದರು.

"ಅಜ್ಜ, ಎಷ್ಟು ವಿಮಾನ ಹೊಡೆದು ಹಾಕಿದಿರಿ?" ನಾನು ಪತ್ರಕ್ಕೊಂದು ಸಂಖ್ಯೆ ಹುಡುಕುತ್ತಿದ್ದೆ.

"ಸೊನ್ನೆ."

"ಒಂದೂ?"

"ಟ್ರೇನಿಂಗಿನಲ್ಲಿ ಒಂದು ವಿಮಾನದ ಬಾಲಕ್ಕೆ ಉದ್ದದ ಬಟ್ಟೆ ಕಟ್ಟಿ ಎಳೀತಿದ್ರು. ನಾವು ಅದಕ್ಕೆ ಗುಂಡು ಹೊಡೀಬೇಕು. ಯಾರ ಗುಂಡು ಯಾವುದು ಅಂತ ಗೊತ್ತಾಗ್ಲಿಕ್ಕೆ ಗುಂಡಿನ ತುದಿಗೆ ಬಣ್ಣ. ನನ್ನದು ಹಸಿರು. ಬಟ್ಟೆ ಬಿಡಿಸಿ ನೋಡಿದ್ರೆ ಎರಡು ಹಸಿರು ತೂತು. ಬರ್ಕೋ, ಐತಪ್ಪ, ಎರಡು ತೂತು."

ಬರೆದುಕೊಳ್ಳಲಿಲ್ಲ. ಮನೆಗೆ ಬಂದು ಹೆಂಡತಿ ಸುಮಿತ್ರಾಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. "ಪಾಪ ಕಣ್ರೀ, ನಿಜ ಹೇಳ್ತಿದಾರೆ. ಅದನ್ನೇ ಬರೀರಿ, ಎಷ್ಟು ಚೆನ್ನಾಗಿದೆ," ಎಂದಳು. ಸುಮಿತ್ರಾಗೆ ಸನ್ಮಾನ ಪತ್ರದ ಶೈಲಿ ಗೊತ್ತಿಲ್ಲವೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಜನವರಿಯಲ್ಲಿ ಒಂದು ದಿನ ಮಳೆ ಬಂತು. ದುಬೈಯ ಮಳೆ ಎಂದರೆ ಅರ್ಧ ಗಂಟೆ ಹನಿ, ಎರಡು ದಿನ ಕೆರೆ. ಆಫೀಸುಗಳು ಬೇಗ ಮುಚ್ಚಿದವು. ದಿವಾಕರಣ್ಣ ಅಬುಧಾಬಿಯ ಸೈಟಿಗೆ ಹೋದವರು ದಾರಿಯಲ್ಲೇ ಸಿಕ್ಕಿಕೊಂಡಿದ್ದರು. ಅವರ ಹೆಂಡತಿ ಮಗಳನ್ನು ಶಾಲೆಯಿಂದ ತರಲು ಹೋಗಿದ್ದರು. ಕೆಳಗಿನ ಪಾರ್ಕಿಂಗಿನಲ್ಲಿ ನೀರು ನುಗ್ಗಿ ನನ್ನ ಕಾರಿನ ಗತಿ ಏನಾಯಿತೋ ಎಂದು ನಾನು ಐದು ನಿಮಿಷಕ್ಕೊಮ್ಮೆ ಕಿಟಕಿಗೆ ಹೋಗಿ ಬರುತ್ತಿದ್ದೆ. ಮೂವತ್ತೆರಡನೆಯ ಮಹಡಿಯಿಂದ ನೆಲಮಾಳಿಗೆಯ ಪಾರ್ಕಿಂಗ್ ಕಾಣುವುದಿಲ್ಲ ಎಂಬುದು ಚಿಂತೆಗೆ ಅಡ್ಡಿಯಲ್ಲ.

"ಕೂತ್ಕೋ ಮೈಸೂರು. ಮಂಡೆಬಿಸಿ ಮಾಡಿದ್ರೆ ನೀರು ಇಳೀತದಾ?" ಎಂದರು ಅಜ್ಜ. ಕೂತೆ. ಟೀಪಾಯಿಯ ಗಾಜಿನ ಮೇಲೆ ಚೂರು ಚಹಾ ಚೆಲ್ಲಿತ್ತು. ಅವರು ಅದರಲ್ಲಿ ಬೆರಳದ್ದಿ ಒಂದು ನದಿ ಬರೆದರು. ನದಿಗೆ ಎರಡು ತಿರುವು.

"ಇಲ್ಲಿ ಜಪಾನಿನವರ ಸಾಮಾನು ಇತ್ತು. ಅಕ್ಕಿ, ಗುಂಡು, ಎಲ್ಲ. ನಾವು ಹಾಕಿದ್ದು ಇಲ್ಲಿಗೆ. ಒಂದು ತಿರುವು ತಪ್ಪಿತು, ಅಷ್ಟೇ. ಮೇಲಿಂದ ಎರಡೂ ಒಂದೇ ಹಾಗೆ ಕಾಣುದು. ದಂಡೆಯಲ್ಲಿ ಬಿಳೀ ಬಿಳೀ ಕಂಡಿತಂತೆ ಬಲದೇವನಿಗೆ. ಡೇರೆ ಅಂತ ತಿಳ್ಕೊಂಡ."

"ಡೇರೆ ಅಲ್ವಾ?"

"ಬಟ್ಟೆ. ಒಗೆದು ಒಣಗ್ಲಿಕ್ಕೆ ಹಾಕಿದ್ದು."

ನಾನು ಪೆನ್ನು ಕೆಳಗಿಟ್ಟೆ.

"ವಿಮಾನ ಮೇಲೆ ಎಳೆಯುವಾಗ ಕಣ್ಣಿಗೆ ಕತ್ತಲೆ ಕಟ್ತದೆ. ಕತ್ತಲೆ ಹೋದ ಮೇಲೆ ಬಲದೇವನಿಗೆ ಕಾಣುದು ಆಕಾಶ. ನನಗೆ ಕಾಣುದು ಕೆಳಗಿದ್ದದ್ದು. ನಾವು ಮಾಡಿದ್ದು ಎಂತ ಅಂತ ನೋಡುವ ಕೆಲಸ ನನ್ನದು. ಹೆಂಗಸ್ರು ಓಡ್ತಿದ್ರು. ಎಲ್ಲಿಗೆ ಓಡುದು, ನದಿಗೆ ಓಡಿದ್ರು. ಒಬ್ಬಳು ಬಟ್ಟೆ ಹೆಕ್ತಾ ಇದ್ಲು ಮಾರಾಯ. ಆ ಬೆಂಕಿಯಲ್ಲಿ, ಬಟ್ಟೆ ಹೆಕ್ಕುದು."

ಹಿಂದಿರುಗಿದ ಮೇಲೆ ಡೇರೆಯಲ್ಲಿ ಒಬ್ಬ ಅಧಿಕಾರಿ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದನಂತೆ. ಏನಾಯಿತೆಂದು ಪೈಲಟನನ್ನು ಕೇಳುವಂತಿಲ್ಲ, ಅವನು ಮುಂದೆ ನೋಡುವವ. ಗನ್ನರನನ್ನು ಕೇಳಬೇಕು. ಗನ್ನರ್ ಹೇಳಿದ್ದೇ ವರದಿ. "ನೇರ ಬಿದ್ದಿದೆ ಸರ್, ಸಾಮಾನು ಹೊತ್ತಿ ಉರೀತಾ ಉಂಟು ಅಂದೆ. ಅವ ಬರ್ಕೊಂಡ."

"ಯಾಕೆ ಅಜ್ಜ?"

"ಹಿಂದಿನ ವಾರ ಬಲದೇವ ಒಮ್ಮೆ ತಪ್ಪಿದ್ದ. ಇನ್ನೊಮ್ಮೆ ತಪ್ಪಿದ್ರೆ ಅವನನ್ನು ವಾಪಸ್ ಕಳಿಸ್ತಿದ್ರು. ನನ್ನನ್ನು ಬೇರೆ ಯಾರದ್ದೋ ಹಿಂದೆ ಕೂರಿಸ್ತಿದ್ರು. ಗೊತ್ತಿಲ್ಲದವನ ಹಿಂದೆ ಕೂತು ಸಾಯ್ಲಿಕ್ಕೆ ನನಗೆ ಹೆದ್ರಿಕೆ." ಬೆರಳನ್ನು ಮತ್ತೆ ಆ ತಿರುವಿನ ಮೇಲಿಟ್ಟರು. "ಅಲ್ಲಿಗೇ ಮುಗಿದಿದ್ರೆ ನಾನೂ ಎಲ್ಲರ ಹಾಗೆ ಯುದ್ಧ ಅಂತ ಹೇಳಿ ಬಿಡ್ತಿದ್ದೆ. ಆದ್ರೆ ಉರೀತಾ ಉಂಟು ಅಂದ್ರೆ ಇನ್ನೂ ಸಾಮಾನು ಉಂಟು ಅಂತ ಅಲ್ವಾ ಅರ್ಥ? ಉಳಿದದ್ದು ಮುಗಿಸಿ ಬನ್ನಿ ಅಂತ ಮರುದಿನ ಆರು ವಿಮಾನ ಕಳಿಸಿದ್ರು. ಅದೇ ತಿರುವಿಗೆ. ನಾನೂ ಹೋದೆ."

"ಮರುದಿನ ಅಲ್ಲಿ ಜನ ಇದ್ರಾ?"

"ಸತ್ತವರನ್ನು ಎತ್ಲಿಕ್ಕೆ ಬಂದವರು ಇದ್ರು."

ಹೊರಗೆ ಮಳೆ ನಿಂತು ಎಲ್ಲ ಕಟ್ಟಡಗಳ ಗಾಜೂ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅಜ್ಜ ಅಂಗೈಯಿಂದ ಟೀಪಾಯಿಯ ಮೇಲಿನ ನದಿಯನ್ನು ಒರೆಸಿದರು. "ಮೊದಲ ದಿನದ್ದು ತಪ್ಪು. ಎರಡನೇ ದಿನದ್ದು ನನ್ನ ಬಾಯಿ. ಮುಂದಿನ ತಿಂಗಳು ನನಗೆ ಸಾರ್ಜೆಂಟ್ ಪಟ್ಟಿ ಕೊಟ್ರು, ಒಳ್ಳೆ ರಿಪೋರ್ಟ್ ಕೊಡ್ತಾನೆ ಅಂತ."

ಮದುವೆಯಾದ ಹೊಸದರಲ್ಲಿ ಒಮ್ಮೆ ಹೆಂಡತಿಗೆ ಹೇಳಹೊರಟಿದ್ದರಂತೆ. ಊಟದ ಹೊತ್ತಿಗೆ ಅದೆಲ್ಲ ಎಂತಕ್ಕೆ ಎಂದು ಆಕೆ ಗಂಜಿ ಬಡಿಸಿದರಂತೆ. ಆಮೇಲೆ ಯಾರಿಗೂ ಹೇಳಲಿಲ್ಲ. ಈಗ ನನ್ನ ಕೈ ಹಿಡಿದುಕೊಂಡರು. ಬೆರಳುಗಳು ಒಣಗಿದ ತೊಗಟೆಯ ಹಾಗಿದ್ದವು, ಹಿಡಿತ ಮಾತ್ರ ಗಟ್ಟಿ.

"ದಿವಾಕರ ಸನ್ಮಾನ ಅಂತಾನೆ. ಆಯ್ತು, ಕೂತ್ಕೊಳ್ತೇನೆ. ಆದ್ರೆ ಇದು ಅದರಲ್ಲಿ ಬರ್ಬೇಕು. ನನ್ನ ಬಾಯಲ್ಲಿ ಬರುದಿಲ್ಲ, ಎಪ್ಪತ್ತು ವರ್ಷ ನೋಡಿದೆ. ನೀನು ಬರಿ. ಜನರ ಎದುರು ಓದು. ನಾನು ಕೂತು ಕೇಳ್ತೇನೆ. ಅಷ್ಟೇ. ಇದು ಇಲ್ಲದಿದ್ರೆ ನನಗೆ ಶಾಲು ಬೇಡ."

"ಬರೀತೀನಿ ಅಜ್ಜ," ಎಂದೆ.

ಬರೆದೆ ಕೂಡ. ಜೀವನದಲ್ಲಿ ಮೊದಲ ಬಾರಿಗೆ 'ಸರಳ ಸಜ್ಜನಿಕೆ' ಇಲ್ಲದೆ ಒಂದು ಹಾಳೆ ಬರೆದೆ. ಅವರು ಹೇಳಿದ ಹಾಗೆಯೇ, ಬಟ್ಟೆ ಹೆಕ್ಕಿದವಳೂ ಸೇರಿ. ಸುಮಿತ್ರಾ ಅದನ್ನು ಎರಡು ಸಲ ಓದಿದಳು. ನನಗೆ ಹೆಮ್ಮೆಯಾಯಿತು, ಇದನ್ನು ಒಪ್ಪಿಕೊಳ್ಳಬೇಕು. ಒಬ್ಬರ ಪಾಪದಿಂದ ನನಗೊಂದು ಒಳ್ಳೆಯ ಹಾಳೆ ದಕ್ಕಿತ್ತು.

ಪತ್ರ ಅಧ್ಯಕ್ಷರಿಗೆ ತೋರಿಸಬೇಕಾದದ್ದು ಪದ್ಧತಿ. ದಿವಾಕರಣ್ಣ ಆಫೀಸಿನಲ್ಲಿ ಓದಿದರು. ಮಾಮೂಲಿ ಹೊಗಳಿಕೆಯ ಮೊದಲ ಹಾಳೆ ದಾಟಿ ಎರಡನೆಯ ಹಾಳೆಗೆ ಬಂದಾಗ ಕನ್ನಡಕ ತೆಗೆದರು.

"ಸರ್, ಇದು ಎಂತ? ಸನ್ಮಾನ ಪತ್ರವಾ, ಚಾರ್ಜ್ ಶೀಟಾ?"

"ಅಜ್ಜನೇ ಹೇಳಿದ್ದು ಅಣ್ಣ. ಇದಿಲ್ಲದಿದ್ರೆ ಸನ್ಮಾನ ಬೇಡ ಅಂದಿದ್ದಾರೆ."

"ಅಜ್ಜನಿಗೆ ತೊಂಬತ್ನಾಲ್ಕು. ನಿನ್ನೆ ಏಸಿ ರಿಮೋಟ್ ಹಿಡ್ಕೊಂಡು ಊರಿಗೆ ಫೋನ್ ಮಾಡ್ತಿದ್ರು. ಅದನ್ನೂ ಬರೀತೀರಾ? ನೋಡಿ, ನನ್ನ ಮಗಳು ಸ್ಟೇಜಿನಲ್ಲಿ ಅವರಿಗೆ ಹೂ ಕೊಡ್ಲಿಕ್ಕುಂಟು. ಅವಳ ಎದುರಿಗೆ, ಇವರು ಬಟ್ಟೆ ಒಗೆಯುವ ಹೆಂಗಸ್ರ ಮೇಲೆ ಬಾಂಬ್ ಹಾಕಿದವರು ಅಂತ ಓದುದಾ?" ಅವರು ಕೆಟ್ಟವರಾಗಿರಲಿಲ್ಲ, ಇದನ್ನು ಹೇಳಲೇಬೇಕು. "ಮತ್ತೆ ಇದು ಯಾವ ಊರು? ಸರ್ಕಾರಕ್ಕೆ ಸ್ಕ್ರಿಪ್ಟ್ ಸಬ್‌ಮಿಟ್ ಮಾಡಿ ಪರ್ಮಿಷನ್ ತಗೊಳ್ಬೇಕು. ಬಾಂಬ್ ಅಂತ ಹತ್ತು ಸಲ ಉಂಟು ಇದರಲ್ಲಿ. ಖಲಾಸ್, ಆ ಹಾಳೆ ತೆಗೀರಿ. ಉಳಿದದ್ದು ಫಸ್ಟ್ ಕ್ಲಾಸ್. ಹಾಂ, ನಿಮ್ಮ ವೀಸಾ ರಿನ್ಯೂವಲ್ ಪೇಪರ್ ಬಂದಿದೆ. ನೋಡ್ತೇನೆ."

ನೋಡ್ತೇನೆ. ಆ ಒಂದು ಮಾತನ್ನು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಅಗಿದೆ. ಸಹಿ ಹಾಕ್ತೇನೆ ಅಂದಿಲ್ಲ, ನೋಡ್ತೇನೆ ಅಂದಿದ್ದಾರೆ. ಸಹಿ ಬೀಳದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಮನೆಯ ಬಾಡಿಗೆ ಕರಾರು ಇಲ್ಲ, ಮಗಳ ಶಾಲೆ ಇಲ್ಲ, ಬಿ.ಪಿ. ಮಾತ್ರೆಯ ವಿಮೆಯೂ ಇಲ್ಲ. ಶೇಖ್ ಜಾಯೆದ್ ರಸ್ತೆ ಮುಗಿಯುವಷ್ಟರಲ್ಲಿ ನಾನು ಕುಟುಂಬ ಸಮೇತ ಮೈಸೂರಿನ ಭಾವನ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಮಲಗಿಯಾಗಿತ್ತು. ಆಮೇಲೆ ತಿಳಿದದ್ದೇನೆಂದರೆ, ಆ ಕಾಗದಕ್ಕೆ ದಿವಾಕರಣ್ಣ ಅಂದು ಸಂಜೆಯೇ ಸಹಿ ಹಾಕಿ ನನ್ನದೇ ಟ್ರೇಯಲ್ಲಿ ಇಡಿಸಿದ್ದರು. ಬೆದರಿಕೆ ಹಾಕಿದವರು ಯಾರೂ ಇರಲಿಲ್ಲ. ಹೆದರಿದವನೊಬ್ಬನಿದ್ದ.

ಸುಮಿತ್ರಾ ಒಂದೇ ಮಾತು ಹೇಳಿದಳು. "ಹಾಳೆ ತೆಗೀತೀರೋ ತೆಗೀರಿ. ಆದ್ರೆ ಓದಲ್ಲ ಅಂತ ಅಜ್ಜನಿಗೆ ಮುಂಚೆನೇ ಹೇಳ್ಬಿಡಿ. ಅವರು ಸನ್ಮಾನ ಬೇಡ ಅನ್ನಲಿ, ಬೇಕು ಅನ್ನಲಿ. ಅದು ಅವರಿಗೆ ಬಿಟ್ಟಿದ್ದು."

"ಹೇಳ್ತೀನಿ," ಎಂದೆ. ನಾಲ್ಕು ದಿನವಿತ್ತು. ಮೊದಲ ದಿನ ಅಜ್ಜನಿಗೆ ನೆಗಡಿ. ಎರಡನೆಯ ದಿನ ಮರಿಮಗಳು ಅಲ್ಲೇ ಇದ್ದಳು. ಮೂರನೆಯ ದಿನ ಅವರೇ ಖುಷಿಯಿಂದ, "ಎಲ್ಲ ಬರ್ದಾಯ್ತಾ ಮೈಸೂರು?" ಎಂದು ಕೇಳಿದರು. "ಆಯ್ತು ಅಜ್ಜ" ಎಂದೆ. ಸುಳ್ಳಲ್ಲ, ಬರೆದಾಗಿತ್ತು. ನಾಲ್ಕನೆಯ ದಿನ ಹೋಗಲೇ ಇಲ್ಲ, ಬಿ.ಪಿ. ಎಂದೆ.

ಕಾರ್ಯಕ್ರಮ ಶುಕ್ರವಾರ ಸಂಜೆ, ಒಂದು ಶಾಲೆಯ ಸಭಾಂಗಣದಲ್ಲಿ. ಮಕ್ಕಳ ನೃತ್ಯ, ಭಾವಗೀತೆ, ಪ್ರಾಯೋಜಕರ ಭಾಷಣ ಮುಗಿದು ಸನ್ಮಾನದ ಸರದಿ ಬಂತು. ಪತ್ರ ಬರೆದವರೇ ಓದುವುದು ನಮ್ಮಲ್ಲಿ ರೂಢಿ. ಅಜ್ಜನಿಗೆ ತೊಡಿಸಿದ ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಮಡಿಲಲ್ಲಿ ಹಣ್ಣಿನ ಬುಟ್ಟಿ. ನಾನು ಪಕ್ಕದಲ್ಲಿ ನಿಂತು ಶುರುಮಾಡಿದೆ. 'ವೀರಭೂಮಿ ತುಳುನಾಡಿನ ಹೆಮ್ಮೆಯ ಪುತ್ರ', 'ಶತ್ರು ವಿಮಾನಗಳನ್ನು ಆಗಸದಲ್ಲೇ ಧೂಳೀಪಟಗೊಳಿಸಿದ ಕಲಿ'. ಚಪ್ಪಾಳೆ. ಅಜ್ಜ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಬಸ್ಸಿನಲ್ಲಿ ತನ್ನ ಸ್ಟಾಪು ಬರಲೆಂದು ಕಾಯುವವರ ಹಾಗೆ ಪ್ರತಿ ವಾಕ್ಯಕ್ಕೂ ತಾಳ್ಮೆಯಿಂದ ತಲೆಯಾಡಿಸುತ್ತಿದ್ದರು. ಧೂಳೀಪಟಕ್ಕೂ ಆಡಿಸಿದರು. ಅದಾದ ಮೇಲೆ ತನ್ನದು ಬರುತ್ತದೆ ಎಂದು ನಂಬಿದ್ದರು. ನಾನು ಆಯುರಾರೋಗ್ಯ ಭಾಗ್ಯಕ್ಕೆ ಬಂದು ನಿಲ್ಲಿಸಿದೆ.

"ಮುಗೀತಾ?" ಎಂದು ಪೇಟದ ಅಡಿಯಿಂದ ಕೇಳಿದರು.

"ಮುಗೀತು ಅಜ್ಜ."

"ನದಿಯದ್ದು?"

ನಾನು ಚೌಕಟ್ಟನ್ನು ದಿವಾಕರಣ್ಣನ ಕೈಗೆ ದಾಟಿಸಿದೆ. ಫೋಟೋಕ್ಕೆ ಎಲ್ಲರೂ ಸಾಲಾಗಿ ನಿಂತೆವು. ಆ ಫೋಟೋದಲ್ಲಿ ಅಜ್ಜ ಒಬ್ಬರೇ ಕ್ಯಾಮೆರಾ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾರೆ.

ಆಮೇಲೆ ಸನ್ಮಾನಿತರಿಂದ ಎರಡು ಮಾತು. ನಮ್ಮ ಸಭೆಗಳನ್ನು ಬಲ್ಲವರಿಗೆ ಗೊತ್ತು, ಆ ಎರಡು ಮಾತು ಯಾವಾಗಲೂ ಒಂದೇ. 'ಈ ಸನ್ಮಾನಕ್ಕೆ ನಾನು ಅರ್ಹನಲ್ಲ.' ಹಾಗನ್ನದವರನ್ನು ಜನ ಅಹಂಕಾರಿ ಎನ್ನುತ್ತಾರೆ. ಅಜ್ಜ ಮೈಕು ಹಿಡಿದರು. ಪೇಟವನ್ನು ಹುಬ್ಬಿನಿಂದ ಮೇಲೆ ಸರಿಸಿದರು.

"ಇದಕ್ಕೆಲ್ಲ ನಾನು ಅರ್ಹನಲ್ಲ," ಎಂದರು.

ಚಪ್ಪಾಳೆ.

"ಚಪ್ಪಾಳೆ ಬೇಡ. ನಿಜವಾಗಿ ಹೇಳ್ತಿದ್ದೇನೆ. ನಾನು ಒಳ್ಳೆಯವ ಅಲ್ಲ. ಇವರು ಓದಿದ್ದು ನಾನಲ್ಲ."

"ಎಂಥ ಸರಳತೆ!" ಎಂದು ಮುಂದಿನ ಸಾಲಿನಲ್ಲಿ ಯಾರೋ ಉದ್ಗರಿಸಿದರು. ಜನ ಎದ್ದು ನಿಂತರು.

"ನಾನು ಸುಳ್ಳು ಹೇಳಿದವ... ಅಲ್ಲಿ ಹೆಂಗಸ್ರು... ಮರುದಿನ ಕೂಡ..." ಅವರ ದನಿ ಚಪ್ಪಾಳೆಯಡಿ ಮುಳುಗಿತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಮರಿಮಗಳು ಓಡಿಬಂದು ಹೂ ಕೊಟ್ಟಳು. "ಅಜ್ಜನಿಗೆ ಸುಸ್ತಾಗಿದೆ" ಎಂದು ದಿವಾಕರಣ್ಣ ಮೆಲ್ಲನೆ ಮೈಕು ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅದು ಹೆಮ್ಮೆಯದೆಂದು ಜನ ತಿಳಿದರು. ಸಭಾಂಗಣದಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವರು ನಾವು ಮೂವರೇ. ಸುಮಿತ್ರಾ ಐದನೆಯ ಸಾಲಿನಲ್ಲಿದ್ದಳು, ಆದ್ದರಿಂದ ನಾಲ್ವರು. ಊಟಕ್ಕೆ ಅಂದು ಹೋಳಿಗೆಯಿತ್ತು.

ಅಜ್ಜ ಊರಿಗೆ ಹೊರಡುವ ದಿನ ವೀಲ್‌ಚೇರಿನ ಕಾಗದಪತ್ರ ನೋಡಿಕೊಳ್ಳಲು ನನ್ನನ್ನೇ ವಿಮಾನ ನಿಲ್ದಾಣಕ್ಕೆ ಕಳಿಸಿದರು. ದಿವಾಕರಣ್ಣ ಸಾಮಾನು ತೂಗಿಸಲು ಸಾಲಿನಲ್ಲಿದ್ದರು. ನಾನು ಜೇಬಿನಿಂದ ಆ ಹಾಳೆ ತೆಗೆದೆ.

"ಅಜ್ಜ, ಇಲ್ಲೇ ಓದ್ತೀನಿ. ಪೂರ್ತಿ ಓದ್ತೀನಿ."

"ಯಾರಿಗೆ?"

"ನಿಮಗೆ."

"ನನಗೆ ಓದಿ ಎಂತ ಮಾಡುದು? ನನಗೆ ಗೊತ್ತುಂಟಲ್ಲ ಅದು," ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

"ನಾನು ಹೆದರಿಬಿಟ್ಟೆ ಅಜ್ಜ."

"ಗೊತ್ತು. ನಾನೂ ಹೆದರಿದ್ದೆ." ವೀಲ್‌ಚೇರು ತಳ್ಳುವವನು ಬಂದ. ಅಜ್ಜ ಊರುಗೋಲನ್ನು ಮಡಿಲಿಗೆ ಎಳೆದುಕೊಂಡರು. "ಆಗ ನನಗೆ ಹತ್ತೊಂಬತ್ತು ವರ್ಷ."

ನನ್ನ ವಯಸ್ಸನ್ನು ಅವರು ಕೇಳಲಿಲ್ಲ.

ಅದೇ ವರ್ಷ, ಊರ ಕಡೆ ಆಟಿ ಎನ್ನುವ ಆಷಾಢದ ತಿಂಗಳಲ್ಲಿ ಅಜ್ಜ ತೀರಿಕೊಂಡರು. ಇಲ್ಲಿ ಸಂಘದಿಂದ ನುಡಿನಮನ ಏರ್ಪಾಡಾಯಿತು. ಆಗಸ್ಟಿನ ಬೇಗೆಯಲ್ಲೂ ಜನ ಬಂದರು. ಬರೆಯಲು ಹೇಳಿದ್ದು ನನಗೇ. ಈ ಸಲ ಯಾರೂ ಏನನ್ನೂ ತೆಗೆಯಲು ಹೇಳಲಿಲ್ಲ, ಮೊದಲೇ ತೋರಿಸೆಂದೂ ಹೇಳಲಿಲ್ಲ. ದಿವಾಕರಣ್ಣ ಉತ್ತರಕ್ರಿಯೆಗೆಂದು ಊರಿಗೆ ಹೋಗಿದ್ದರು. ವೀಸಾ ಇನ್ನೂ ಎರಡು ವರ್ಷ ಇತ್ತು. ಆ ಹಾಳೆ ಜೇಬಿನಲ್ಲೇ ಇತ್ತು. ನಾನು ವೇದಿಕೆಗೆ ಹೋಗಿ ಹಳೆಯ ಪತ್ರವನ್ನೇ, ಕ್ರಿಯಾಪದಗಳನ್ನು ಭೂತಕಾಲಕ್ಕೆ ತಿರುಗಿಸಿ ಓದಿ ಇಳಿದೆ. ತುಂಬ ಮನಮುಟ್ಟುವ ಹಾಗಿತ್ತು ಎಂದು ನಾಲ್ಕೈದು ಜನ ಕೈ ಕುಲುಕಿದರು.

ಮನೆಯಲ್ಲಿ ಸುಮಿತ್ರಾ ಬಾಗಿಲಲ್ಲೇ ಕೇಳಿದಳು. "ಇವತ್ತಾದ್ರೂ ಓದಿದ್ರಾ?"

"ತುಂಬ ಜನ ಇದ್ದರು ಕಣೇ."

"ಜನ ಇರಬೇಕು ಅಂತಲೇ ಅಲ್ವಾ ಅವರು ಕೇಳಿದ್ದು?"

ದಿವಾಕರಣ್ಣ ಹೋದ ವರ್ಷ ಕಂಪನಿ ಮಾರಿ ಊರಿಗೆ ಮರಳಿದರು. ಕೊಂಡವರು ನನ್ನನ್ನೂ ನಲ್ಲಿಗಳ ಜೊತೆಯಲ್ಲೇ ಕೊಂಡರು. ನನ್ನ ವೀಸಾಕ್ಕೆ ಈಗ ಸಹಿ ಹಾಕುವವರು ಬೇರೆ ದೇಶದವರು, ಒಳ್ಳೆಯವರು, ಕನ್ನಡ ಓದಲು ಬಾರದವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.